ಬದು ದಾಟುವ ಗಡ್ಡೆ, ದಾಟದ ಗಡ್ಡೆ

ಬೆನ್ನ ಮೇಲೆ ನಿಂಬೆಹಣ್ಣಿನಷ್ಟು ದಪ್ಪದ ಮೆತ್ತನೆಯ ಗಂಟು ಹೊತ್ತುಕೊಂಡೇ ಇಪ್ಪತ್ತು ಮೂವತ್ತು ವರ್ಷ ಬಾಳಿದ ಹಿರಿಯರು ಊರೂರಲ್ಲೂ ಸಿಗುತ್ತಾರೆ. ಅಂಗಿ ತೊಡುವಾಗ ಕೈಗೆ ಎಡತಾಕುತ್ತದೆ ಎನ್ನುವುದು ಬಿಟ್ಟರೆ ಅದರಿಂದ ಅವರಿಗೊಂದು ತೊಂದರೆಯಿಲ್ಲ. ಅದೇ ಊರಿನ ಇನ್ನೊಬ್ಬರ ಸ್ತನದಲ್ಲಿ ಕಡಲೆಕಾಳಿನಷ್ಟು ಗಂಟು ಸಿಗುತ್ತದೆ. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ‘ನೋವೇ ಇಲ್ಲವಲ್ಲ, ಮಗಳ ಮದುವೆ ಮುಗಿಯಲಿ, ತೋರಿಸಿದರಾಯಿತು’ ಎಂದು ಮಳೆಗಾಲ ಕಳೆಯುತ್ತದೆ, ಸುಗ್ಗಿಯೂ ಕಳೆಯುತ್ತದೆ. ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಕಂಕುಳಲ್ಲೂ ಗಂಟುಗಳು ಕೈಗೆ ಸಿಗುತ್ತಿರುತ್ತವೆ.

ಗಡ್ಡೆಯ ಗುಣವನ್ನು ಅದರ ಗಾತ್ರ ಹೇಳುವುದಿಲ್ಲ, ನೋವೂ ಹೇಳುವುದಿಲ್ಲ. ಜನ ‘ಸಾದಾ ಗಡ್ಡೆ’, ‘ಕ್ಯಾನ್ಸರ್ ಗಡ್ಡೆ’ ಎನ್ನುತ್ತಾರೆ. ವೈದ್ಯರು ತಮ್ಮ ವರದಿಯಲ್ಲಿ ‘ಬಿನೈನ್’, ‘ಮ್ಯಾಲಿಗ್ನಂಟ್’ ಎಂದು ಬರೆಯುತ್ತಾರೆ. ಈ ಎರಡರ ನಡುವಿನ ಗೆರೆ ಎಲ್ಲಿದೆ, ಅದನ್ನು ಎಳೆಯುವವರು ಯಾರು ಎನ್ನುವುದು ತಿಳಿದಿದ್ದರೆ ಅನಗತ್ಯ ಭಯವೂ ಕಡಿಮೆಯಾಗುತ್ತದೆ, ಅಪಾಯಕಾರಿ ಧೈರ್ಯವೂ ಕಡಿಮೆಯಾಗುತ್ತದೆ.

ಗಂಟೆಲ್ಲ ಗಡ್ಡೆಯಲ್ಲ

ಕೀವು ತುಂಬಿದ ಕುರು, ಕ್ಷಯ ತಗುಲಿ ಕತ್ತಿನಲ್ಲಿ ಊದಿಕೊಂಡ ಗ್ರಂಥಿ, ಪೆಟ್ಟು ಬಿದ್ದಲ್ಲಿ ಹೆಪ್ಪುಗಟ್ಟಿದ ರಕ್ತ ಇವೆಲ್ಲ ಮುಟ್ಟಿದರೆ ಗಂಟೇ. ಆದರೆ ಸೋಂಕು ಹೋದರೆ, ಗಾಯ ಮಾಗಿದರೆ ಇವು ಬಹುಮಟ್ಟಿಗೆ ಇಳಿಯುತ್ತವೆ. ವೈದ್ಯಶಾಸ್ತ್ರ ಟ್ಯೂಮರ್ ಎಂದು ಕರೆಯುವುದು ಬೇರೆಯದೇ ಒಂದು ಬೆಳವಣಿಗೆಯನ್ನು. ದೇಹಕ್ಕೆ ಬೇಕಿಲ್ಲದಿದ್ದರೂ, ಮೊದಲು ಪ್ರಚೋದಿಸಿದ ಕಾರಣ ಇಲ್ಲವಾದರೂ, ತಮ್ಮ ಪಾಡಿಗೆ ಹೆಚ್ಚುತ್ತಲೇ ಹೋಗುವ ಜೀವಕೋಶಗಳ ರಾಶಿ ಅದು.

ಗಡ್ಡೆಯೂ ದೇಹದ ಜೀವಕೋಶಗಳಿಂದಲೇ ಆದದ್ದೆಂದು 1838ರಲ್ಲಿ ಜರ್ಮನಿಯ ಯೋಹಾನೆಸ್ ಮ್ಯೂಲರ್ ತೋರಿಸಿದರು. ಅವರ ಶಿಷ್ಯ ರುಡಾಲ್ಫ್ ವಿರ್ಕೋ 1858ರಲ್ಲಿ ಇನ್ನೂ ಮುಂದೆ ಹೋಗಿ, ಪ್ರತಿ ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆ ಎಂಬ ಮಾತನ್ನು ರೋಗಶಾಸ್ತ್ರದ ಬುನಾದಿಯಾಗಿಸಿದರು. ಗಡ್ಡೆ ಹೊರಗಿನಿಂದ ಬಂದು ಸೇರಿಕೊಂಡ ವಸ್ತುವಲ್ಲ, ಕೆಟ್ಟ ರಸ ಹೆಪ್ಪುಗಟ್ಟಿದ್ದೂ ಅಲ್ಲ. ಅದು ನಮ್ಮದೇ ಕೋಶದ ಸಂತಾನ.

ಆ ಸಂತಾನ ಬೆಳೆಯುವ ಲೆಕ್ಕ ಕುತೂಹಲದ್ದು. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ 30 ಸಲ ಇಮ್ಮಡಿಸಿದರೆ ಕೋಶಗಳ ಸಂಖ್ಯೆ 100 ಕೋಟಿ ದಾಟುತ್ತದೆ. ಪಠ್ಯಪುಸ್ತಕಗಳ ರೂಢಿಯ ಅಂದಾಜಿನಲ್ಲಿ ಅದು ಸುಮಾರು ಒಂದು ಸೆಂಟಿಮೀಟರ್ ಅಗಲದ, ಒಂದು ಗ್ರಾಂ ತೂಕದ ಗಂಟು. ಬೆರಳಿಗೆ ಸಿಗುವುದು ಹೆಚ್ಚುಕಡಿಮೆ ಆಗ. ಅಲ್ಲಿಂದ ಮುಂದೆ ಇನ್ನು 10 ಸಲ ಇಮ್ಮಡಿಸಿದರೆ ಒಂದು ಕಿಲೋ. ‘ಹೋದ ತಿಂಗಳು ಇರಲಿಲ್ಲ, ಈಗ ದಿಢೀರನೆ ಬಂತು’ ಎಂದು ನಮಗೆ ಅನ್ನಿಸುವ ಗಡ್ಡೆ ತನ್ನ ಆಯುಸ್ಸಿನ ಮುಕ್ಕಾಲು ಪಾಲನ್ನು ನಮಗೆ ಕಾಣದ ಹಾಗೆ ಕಳೆದಿರುತ್ತದೆ.

ಕೋಶ ಹೀಗೇಕೆ ಲಂಗುಲಗಾಮಿಲ್ಲದೆ ಹೆಚ್ಚುತ್ತದೆ? ಉತ್ತರ ಜೀನುಗಳಲ್ಲಿದೆ. 1976ರಲ್ಲಿ ಅಮೆರಿಕದ ಮೈಕಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್, ಕೋಳಿಗಳಿಗೆ ಕ್ಯಾನ್ಸರ್ ತರುವ ವೈರಸ್ಸಿನ ಒಂದು ಜೀನು ಆರೋಗ್ಯವಂತ ಕೋಳಿಯ ಕೋಶದಲ್ಲೇ ಇದೆಯೆಂದು ಕಂಡರು. ವೈರಸ್ಸು ಅದನ್ನು ಕೋಳಿಯಿಂದಲೇ ಎತ್ತಿಕೊಂಡಿತ್ತು. ಬೆಳೆಯಲು ಹೇಳುವ ಇಂಥ ಜೀನುಗಳು ಎಲ್ಲರಲ್ಲೂ ಇವೆ; ಅವು ಕೆಟ್ಟರೆ ‘ಬೆಳೆ, ಬೆಳೆ’ ಎಂಬ ಅಪ್ಪಣೆ ನಿಲ್ಲುವುದೇ ಇಲ್ಲ. ಈ ಶೋಧಕ್ಕೆ ಇಬ್ಬರಿಗೂ 1989ರಲ್ಲಿ ನೊಬೆಲ್ ಸಂದಿತು. ಇನ್ನೊಂದು ಗುಂಪಿನ ಜೀನುಗಳು ‘ಸಾಕು, ನಿಲ್ಲು’ ಎನ್ನುವಂಥವು. ಮಕ್ಕಳ ಕಣ್ಣಿನಲ್ಲಿ ಹುಟ್ಟುವ ರೆಟಿನೊಬ್ಲಾಸ್ಟೋಮಾವನ್ನು ಅಧ್ಯಯನ ಮಾಡಿದ ಆಲ್ಫ್ರೆಡ್ ನಡ್ಸನ್, ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದ ಎರಡೂ ಪ್ರತಿಗಳು ಕೆಟ್ಟಾಗ ಈ ಗಡ್ಡೆ ಹುಟ್ಟುತ್ತದೆಂದು 1971ರಲ್ಲಿ ಲೆಕ್ಕ ಹಾಕಿ ಹೇಳಿದರು.

ಹಾಗೆಂದು ಜೀನು ಬದಲಾದೊಡನೆ ಕ್ಯಾನ್ಸರ್ ಆಗಿಬಿಡುವುದಿಲ್ಲ. ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗಳ ಬಹುಪಾಲಿನಲ್ಲಿ ‘ಎಂಇಡಿ12’ ಎಂಬ ಜೀನು ಕೆಟ್ಟಿರುತ್ತದೆ. ಆದರೂ ಅವು ಸಾದಾ ಗಡ್ಡೆಗಳೇ. ಹೆಚ್ಚುವುದನ್ನು ಕಲಿತ ಕೋಶ ಇನ್ನೊಂದು ವಿದ್ಯೆಯನ್ನೂ ಕಲಿತಾಗ ಮಾತ್ರ ಅದು ಮಾರಕವಾಗುತ್ತದೆ. ಆ ವಿದ್ಯೆ ಎಲ್ಲೆ ಮೀರುವುದು.

ಒತ್ತುವುದು ಬೇರೆ, ನುಗ್ಗುವುದು ಬೇರೆ

ಜಮೀನಿನ ಅಕ್ಕಪಕ್ಕದಲ್ಲಿ ಎರಡು ಬಗೆಯ ನೆರೆಯವರಿರುತ್ತಾರೆ. ಒಬ್ಬ ತನ್ನ ಕಡೆ ಮಣ್ಣು ಪೇರಿಸಿ ಪೇರಿಸಿ ಬದುವನ್ನು ನಮ್ಮತ್ತ ಒತ್ತುತ್ತಾನೆ. ಕಿರಿಕಿರಿಯೇನೋ ಹೌದು, ಆದರೆ ಬದು ಇನ್ನೂ ಬದುವೇ, ಎಲ್ಲಿಯವರೆಗೆ ಅವನದು ಎಂದು ಬೆರಳಿಟ್ಟು ತೋರಿಸಬಹುದು. ಇನ್ನೊಬ್ಬ ಬದುವನ್ನೇ ಕಡಿದು ನಮ್ಮ ಹೊಲದೊಳಕ್ಕೆ ನೇಗಿಲು ಹೂಡುತ್ತಾನೆ. ಆಮೇಲೆ ಸರ್ವೆಯವರು ಚೈನು ಹಿಡಿದು ಬಂದರೂ ಎಲ್ಲೆ ಗುರುತಿಸುವುದು ಕಷ್ಟ. ಸಾದಾ ಗಡ್ಡೆ ಮೊದಲನೆಯವನಂತೆ, ಕ್ಯಾನ್ಸರ್ ಎರಡನೆಯವನಂತೆ.

ಸಾದಾ ಗಡ್ಡೆ ಬೆಳೆಯುತ್ತಾ ಸುತ್ತಲಿನ ಅಂಗಾಂಶವನ್ನು ಒತ್ತಿ ಬದಿಗೆ ಸರಿಸುತ್ತದೆ. ಹಾಗೆ ಒತ್ತಿಸಿಕೊಂಡ ನಾರು ಅದರ ಸುತ್ತ ಒಂದು ಪೊರೆಯಾಗುವುದೂ ಉಂಟು. ಅದಕ್ಕೇ ಕೊಬ್ಬಿನ ಗಡ್ಡೆ, ಅಂದರೆ ಲೈಪೋಮಾ, ಬೆರಳಿನ ಕೆಳಗೆ ಜಾರುತ್ತದೆ. ಶಸ್ತ್ರವೈದ್ಯರು ಚರ್ಮ ಸೀಳಿ ಅದನ್ನು ಇಡಿಯಾಗಿ ಹೊರಗೆ ತೆಗೆಯಬಲ್ಲರು. ಎಲ್ಲ ಸಾದಾ ಗಡ್ಡೆಗಳಿಗೂ ಇಂಥ ಪೊರೆ ಇರುತ್ತದೆಂದಲ್ಲ. ರಕ್ತನಾಳಗಳ ಸಾದಾ ಗಡ್ಡೆಯಾದ ಹೆಮಾಂಜಿಯೋಮಾಕ್ಕೆ ಅದು ಇರುವುದಿಲ್ಲ. ಪೊರೆಗಿಂತ ಮುಖ್ಯವಾದದ್ದು ನಡತೆ: ಸಾದಾ ಗಡ್ಡೆ ಒತ್ತುತ್ತದೆ, ಮಾರಕ ಗಡ್ಡೆ ಒಳಹೊಕ್ಕು ಸುತ್ತಲಿನದನ್ನು ನಾಶಮಾಡುತ್ತದೆ.

ಆ ಒಳನುಗ್ಗುವಿಕೆ ನಡೆಯುವ ಜಾಗ ಬರಿಗಣ್ಣಿಗೆ ಕಾಣುವಂಥದಲ್ಲ. ಚರ್ಮ, ಬಾಯಿ, ಕರುಳು, ಸ್ತನದ ಹಾಲಿನ ನಾಳ ಇವುಗಳ ಒಳಪದರದ ಕೋಶಗಳೆಲ್ಲ ಒಂದು ತೆಳುವಾದ ತಳಪೊರೆಯ ಮೇಲೆ ಕೂತಿರುತ್ತವೆ. ಪದರದೊಳಗೆ ರಕ್ತನಾಳಗಳಿಲ್ಲ, ಅವು ಇರುವುದು ತಳಪೊರೆಯ ಕೆಳಗೆ. ಕೆಟ್ಟ ಕೋಶಗಳು ಪದರದ ತುಂಬ ತುಂಬಿಕೊಂಡರೂ ಪೊರೆ ಹರಿಯದಿರುವವರೆಗೆ ಅವಕ್ಕೆ ರಕ್ತಕ್ಕೆ ಹೋಗುವ ದಾರಿಯಿಲ್ಲ. ವರದಿಯಲ್ಲಿ ‘ಇನ್ ಸಿಟು’ ಎಂದು ಬರೆಯುವುದು ಇದನ್ನೇ. ಈ ಘಟ್ಟದಲ್ಲಿ ಪೂರ್ತಿ ತೆಗೆದರೆ ಬಹುತೇಕ ಗುಣವಾದಂತೆಯೇ. ಮುಂದಿನ ಘಟ್ಟದಲ್ಲಿ ಕೋಶಗಳು ಒಂದನ್ನೊಂದು ಹಿಡಿದುಕೊಂಡಿದ್ದ ಹಿಡಿತ ಸಡಿಲಿಸುತ್ತವೆ, ಪೊರೆಯನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸುತ್ತವೆ, ಬಿರುಕಿನಲ್ಲಿ ನುಸುಳುತ್ತವೆ. ಮಿಲಿಮೀಟರಿನ ಸಣ್ಣ ಭಾಗದಷ್ಟು ದೂರದ ಈ ಪಯಣವೇ ರೋಗಿಯ ಭವಿಷ್ಯವನ್ನು ಬದಲಿಸುತ್ತದೆ.

ಒಳಗೆ ನುಸುಳಿದ ಎಳೆಗಳು ಶಸ್ತ್ರವೈದ್ಯರ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದಲೇ ಕ್ಯಾನ್ಸರ್ ಗಡ್ಡೆಯನ್ನು ತೆಗೆಯುವಾಗ ಸುತ್ತಲಿನ ಒಳ್ಳೆಯ ಅಂಗಾಂಶವನ್ನೂ ಒಂದಿಷ್ಟು ಸೇರಿಸಿ ತೆಗೆಯುತ್ತಾರೆ. ಚೂರು ಉಳಿದರೂ ಮತ್ತೆ ಬೆಳೆಯುತ್ತದೆ ಎಂಬ ಅರಿವು ಹಳೆಯದು. ಗ್ರಂಥಿ ಬೇರೆ, ಅರ್ಬುದ ಬೇರೆ ಎಂದು ವಿವರಿಸುವ ಸುಶ್ರುತಸಂಹಿತೆ, ಅರ್ಬುದವನ್ನು ಶೇಷ ಉಳಿಯದಂತೆ ತೆಗೆಯಬೇಕು, ಉಳಿದರೆ ಬೇಗನೆ ಮರಳಿ ಬರುತ್ತದೆ ಎಂದು ಎಚ್ಚರಿಸುತ್ತದೆ.

ದೂರ ಹೋಗಿ ನೆಲೆಯೂರುವುದು

ನುಗ್ಗುವುದರ ಮುಂದಿನ ಹೆಜ್ಜೆ ಹರಡುವುದು. ಕೋಶಗಳು ದುಗ್ಧನಾಳ ಹಿಡಿದು ಹತ್ತಿರದ ದುಗ್ಧಗ್ರಂಥಿಗಳಿಗೆ, ರಕ್ತನಾಳ ಹಿಡಿದು ದೂರದ ಅಂಗಗಳಿಗೆ ಹೋಗುತ್ತವೆ. ಸ್ತನದ ಕ್ಯಾನ್ಸರಿಗೆ ಮೊದಲು ಕಂಕುಳನ್ನು, ಬಾಯಿಯ ಕ್ಯಾನ್ಸರಿಗೆ ಕತ್ತನ್ನು ವೈದ್ಯರು ತಡವಿ ನೋಡುವುದು ಈ ಕಾರಣಕ್ಕೆ. ಒಂದು ಗಡ್ಡೆ ದೂರದ ಅಂಗಕ್ಕೆ ಹರಡಿದೆಯೆಂದರೆ ಅದು ಮಾರಕ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಕ್ಯಾನ್ಸರಿನ ಸಾವುಗಳಲ್ಲಿ ಬಹುಪಾಲು ಮೂಲ ಗಡ್ಡೆಯಿಂದಲ್ಲ, ಹೀಗೆ ಹರಡಿದ್ದರಿಂದ.

ಹರಡುವುದಕ್ಕೂ ಒಂದು ಕ್ರಮವಿದೆ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ದಾಖಲೆಗಳನ್ನು ತಿರುವಿಹಾಕಿ 1889ರಲ್ಲಿ ಒಂದು ಲೇಖನ ಬರೆದರು. ರಕ್ತ ಯಕೃತ್ತಿಗೂ ಹೋಗುತ್ತದೆ, ಗುಲ್ಮಕ್ಕೂ ಹೋಗುತ್ತದೆ. ಆದರೆ ಹರಡಿದ ಗಡ್ಡೆ ಯಕೃತ್ತಿನಲ್ಲಿ ಹೆಚ್ಚು, ಗುಲ್ಮದಲ್ಲಿ ಅಪರೂಪ. ಬೀಜ ಎಲ್ಲ ಕಡೆ ಬಿದ್ದರೂ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂದು ಅವರು ತೀರ್ಮಾನಿಸಿದರು. ದಾರಿಯ ಪಾತ್ರವೂ ಇದೆ: ದೊಡ್ಡಕರುಳಿನ ರಕ್ತ ನೇರವಾಗಿ ಯಕೃತ್ತಿಗೆ ಹರಿಯುವುದರಿಂದ ಆ ಕ್ಯಾನ್ಸರ್ ಯಕೃತ್ತಿನಲ್ಲಿ ಹೆಚ್ಚಾಗಿ ನೆಲೆಯೂರುತ್ತದೆ. ಹಾಗೆ ನೆಲೆಯೂರಿದರೂ ಅದು ಯಕೃತ್ತಿನ ಕ್ಯಾನ್ಸರ್ ಅಲ್ಲ, ಕರುಳಿನ ಕ್ಯಾನ್ಸರೇ. ಔಷಧಿಯೂ ಕರುಳಿನ ಕ್ಯಾನ್ಸರಿನದೇ. ‘ಮೊದಲು ಕರುಳಿಗೆ ಬಂತು, ಆಮೇಲೆ ಲಿವರ್ ಕ್ಯಾನ್ಸರೂ ಬಂತು’ ಎಂದು ಮನೆಯವರು ಹೇಳುವುದುಂಟು. ಎರಡು ರೋಗವಲ್ಲ, ಒಂದೇ ರೋಗದ ಎರಡು ನೆಲೆ.

ಹೋದಲ್ಲೆಲ್ಲ ಬೆಳೆಯಲು ಆಹಾರ ಬೇಕಲ್ಲ? ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಬೇಕಾದರೆ ಗಡ್ಡೆ ಹೊಸ ರಕ್ತನಾಳಗಳನ್ನು ತನ್ನತ್ತ ಎಳೆದುಕೊಳ್ಳಲೇಬೇಕು ಎಂದು ಬಾಸ್ಟನ್ನಿನ ಜೂಡಾ ಫೋಕ್‌ಮನ್ 1971ರಲ್ಲಿ ವಾದಿಸಿದರು. ಮೊದಲು ಅನುಮಾನಕ್ಕೆ ಗುರಿಯಾದ ಆ ಮಾತಿನಿಂದಲೇ ಮುಂದೆ ರಕ್ತನಾಳಗಳ ಬೆಳವಣಿಗೆಯನ್ನು ತಡೆಯುವ ಔಷಧಿಗಳು ಬಂದವು.

ಸಾದಾ ಎಂದರೆ ನಿರುಪದ್ರವಿ ಎಂದಲ್ಲ

‘ಬಿನೈನ್’ ಎಂದು ವರದಿ ಬಂದೊಡನೆ ದೇವರಿಗೆ ಕಾಯಿ ಒಡೆಸಿ ಫೈಲು ಮುಚ್ಚಿಡುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಗಡ್ಡೆ ಹರಡದಿದ್ದರೂ ಅದು ಇರುವ ಜಾಗ ಕೇಡು ಮಾಡಬಲ್ಲದು.

ಮೆದುಳಿನ ಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಸಾಮಾನ್ಯವಾಗಿ ಸಾದಾ ಗಡ್ಡೆ, ನಿಧಾನವಾಗಿ ಬೆಳೆಯುತ್ತದೆ. ಆದರೆ ತಲೆಬುರುಡೆ ಹಿಗ್ಗುವುದಿಲ್ಲ. ಬೆಳೆದ ಗಡ್ಡೆ ಮೆದುಳನ್ನೇ ಒತ್ತುತ್ತದೆ. ತಲೆನೋವು, ಫಿಟ್ಸ್, ಕೈಕಾಲಿನ ಬಲ ಕುಂದುವುದು ಇವು ಅದರ ಫಲ. ಪಿಟ್ಯುಟರಿ ಗ್ರಂಥಿಯ ಸಾದಾ ಗಡ್ಡೆ ಕಣ್ಣಿನ ನರಗಳು ಕೂಡುವ ಜಾಗವನ್ನು ಒತ್ತಿ ಎರಡೂ ಬದಿಯ ದೃಷ್ಟಿಯನ್ನು ಕಸಿಯಬಹುದು. ಅದೇ ಗಡ್ಡೆ ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸುರಿಸಿದರೆ ದೊಡ್ಡವರಲ್ಲೂ ಕೈಕಾಲು, ದವಡೆ ದಪ್ಪವಾಗುತ್ತಾ ಹೋಗುತ್ತವೆ. ಚಪ್ಪಲಿಯ ಅಳತೆ ಹೆಚ್ಚುತ್ತದೆ, ಉಂಗುರ ಬೆರಳಿಗೆ ಇಳಿಯುವುದಿಲ್ಲ. ಹೃದಯದ ಎಡ ಮೇಲ್ಕೋಣೆಯಲ್ಲಿ ಬೆಳೆಯುವ ಮಿಕ್ಸೋಮಾ ಲೋಳೆಯಂಥ ಸಾದಾ ಗಡ್ಡೆ. ಅದರ ಚೂರೊಂದು ಕಳಚಿ ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಗರ್ಭಕೋಶದ ಫೈಬ್ರಾಯ್ಡಿನಿಂದ ತಿಂಗಳು ತಿಂಗಳೂ ವಿಪರೀತ ರಕ್ತ ಹೋಗಿ, ‘ಸುಸ್ತು, ಏದುಸಿರು’ ಎನ್ನುತ್ತಲೇ ಗದ್ದೆಕೆಲಸ, ಮನೆಕೆಲಸ ಮಾಡಿಕೊಂಡಿರುವ ಹೆಂಗಸರು ಎಷ್ಟೋ ಮಂದಿ.

ಇದರ ಮಗ್ಗುಲಿಗೆ ಇನ್ನೊಂದು ಸತ್ಯವಿದೆ. ಹೆಸರಿಗೆ ಕ್ಯಾನ್ಸರ್ ಆದರೂ ಅಷ್ಟೇನೂ ಓಡಾಡದ ಗಡ್ಡೆಗಳಿವೆ. ಚರ್ಮದ ಬೇಸಲ್ ಸೆಲ್ ಕಾರ್ಸಿನೋಮಾ ಇದ್ದಲ್ಲೇ ಕೊರೆಯುತ್ತಾ ಹೋಗುತ್ತದೆ, ದೂರಕ್ಕೆ ಹರಡುವುದು ತೀರಾ ವಿರಳ. ಥೈರಾಯ್ಡಿನ ಒಂದು ಬಗೆಯ ಗಡ್ಡೆ ನೋಡಲು ಕ್ಯಾನ್ಸರಿನಂತಿದ್ದರೂ ಪೊರೆ ದಾಟದೆ ಇರುವಾಗ ಹರಡುವುದು ಅಪರೂಪವೆಂದು ಕಂಡುಬಂದ ಮೇಲೆ, 2016ರಲ್ಲಿ ತಜ್ಞರ ತಂಡವೊಂದು ಅದರ ಹೆಸರಿನಿಂದ ‘ಕಾರ್ಸಿನೋಮಾ’ ಪದವನ್ನೇ ತೆಗೆದುಹಾಕಿತು. ಎಲ್ಲೆ ಮೀರಿದೆಯೇ ಎಂಬ ಪ್ರಶ್ನೆ ಎಷ್ಟು ನಿರ್ಣಾಯಕ ಎನ್ನುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ಸಿಗುವುದು ಕಷ್ಟ.

ಗಡ್ಡೆಗಳ ಹೆಸರು ಕೇಳಿ ಗುಣ ಊಹಿಸಲೂ ಹೋಗಬಾರದು. ಲೈಪೋಮಾ, ಫೈಬ್ರೋಮಾ, ಅಡಿನೋಮಾ ಸಾದಾ ಗಡ್ಡೆಗಳು. ಅದೇ ಧಾಟಿಯ ಲಿಂಫೋಮಾ, ಮೆಲನೋಮಾ ಕ್ಯಾನ್ಸರುಗಳು. ರಕ್ತದ ಕ್ಯಾನ್ಸರಾದ ಲ್ಯುಕೇಮಿಯಾದಲ್ಲಿ ಗಡ್ಡೆಯೇ ಇರಬೇಕೆಂದಿಲ್ಲ.

ನಡುದಾರಿಯಲ್ಲಿ ಸಿಕ್ಕವು

‘ಇವತ್ತಿನ ಸಾದಾ ಗಡ್ಡೆ ನಾಳೆ ಕ್ಯಾನ್ಸರ್ ಆಗುತ್ತದೆ’ ಎಂಬ ಭಯ ವ್ಯಾಪಕ. ಹೆಚ್ಚಿನ ಸಾದಾ ಗಡ್ಡೆಗಳ ಮಟ್ಟಿಗೆ ಇದು ನಿಜವಲ್ಲ. ಕೊಬ್ಬಿನ ಗಡ್ಡೆ ಕೊಬ್ಬಿನ ಗಡ್ಡೆಯಾಗಿಯೇ ಇರುತ್ತದೆ. ಹರೆಯದ ಹುಡುಗಿಯರ ಸ್ತನದಲ್ಲಿ ಬೆರಳಿಗೆ ಸಿಗದೆ ಜಾರಾಡುವ ಫೈಬ್ರೋಅಡಿನೋಮಾ ಕ್ಯಾನ್ಸರಾಗಿ ತಿರುಗುವುದು ತೀರಾ ಅಪರೂಪ. ಆದರೆ ಕೆಲವು ನಿಜಕ್ಕೂ ಮೆಟ್ಟಿಲು. ದೊಡ್ಡಕರುಳಿನ ಅಡಿನೋಮಾ ಎಂಬ ಪಾಲಿಪ್ ಹಂತ ಹಂತವಾಗಿ ಜೀನುಗಳು ಕೆಡುತ್ತಾ ಕ್ಯಾನ್ಸರಾಗುವ ದಾರಿಯನ್ನು 1990ರಲ್ಲಿ ಎರಿಕ್ ಫಿಯರಾನ್ ಮತ್ತು ಬರ್ಟ್ ವೋಗಲ್‌ಸ್ಟೀನ್ ನಕ್ಷೆಯಂತೆ ಬಿಡಿಸಿ ತೋರಿಸಿದರು. ಈ ಪಯಣಕ್ಕೆ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಪಾಲಿಪನ್ನು ಕಂಡುಹಿಡಿದು ಕತ್ತರಿಸಿದರೆ ಕ್ಯಾನ್ಸರ್ ಹುಟ್ಟುವ ಮೊದಲೇ ಕಥೆ ಮುಗಿಯುತ್ತದೆ.

ನಮ್ಮ ನಾಡಿಗೆ ಹೆಚ್ಚು ಸಲ್ಲುವ ನಡುದಾರಿ ಬಾಯಿಯೊಳಗಿದೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳುವ ಅಭ್ಯಾಸಕ್ಕೂ ಬಾಯಿಯ ಕ್ಯಾನ್ಸರಿಗೂ ಇರುವ ನಂಟನ್ನು ತಿರುವಾಂಕೂರಿನ ರೋಗಿಗಳಲ್ಲಿ ಗಮನಿಸಿ ಐ. ಎಂ. ಓರ್ ಎಂಬ ವೈದ್ಯರು 1933ರಲ್ಲೇ ಬರೆದಿದ್ದರು. ತಪ್ಪೆಲ್ಲ ಹೊಗೆಸೊಪ್ಪಿನದು, ಅಡಿಕೆಯದಲ್ಲ ಎಂಬ ಸಮಾಧಾನ ಬಹುಕಾಲ ಉಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯಕ್ಕೆ ಇದು ಹಿತವಾದ ಸುದ್ದಿಯಲ್ಲ. ಆದರೆ ಕೆನ್ನೆಯ ಒಳಪದರಕ್ಕೆ ಮಾರುಕಟ್ಟೆಯ ಧಾರಣೆ ಗೊತ್ತಿಲ್ಲ.

ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗಿ, ಖಾರ ತಾಗಿದರೆ ಉರಿದು, ಬಾಯಿ ತೆರೆಯುವುದೇ ಕಷ್ಟವಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್, ಉಜ್ಜಿದರೂ ಹೋಗದ ಬಿಳಿಮಚ್ಚೆ, ಅದಕ್ಕಿಂತ ಹೆಚ್ಚು ಅನುಮಾನಿಸಬೇಕಾದ ಕೆಂಪುಮಚ್ಚೆ ಇವು ಇನ್ನೂ ಕ್ಯಾನ್ಸರ್ ಅಲ್ಲ. ಎಲ್ಲವೂ ಕ್ಯಾನ್ಸರ್ ಆಗುವುದೂ ಇಲ್ಲ. ಆದರೆ ತಳಪೊರೆ ಹರಿಯುವ ಮೊದಲು ಸಿಗುವ ಅವಕಾಶ ಇದೇ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಗೆ ಟಾರ್ಚು ಬಿಟ್ಟು ನೋಡಿದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇ 34ರಷ್ಟು ಇಳಿದದ್ದು ಕಂಡಿತು. ಸ್ಕ್ಯಾನರ್ ಬೇಕಾಗಲಿಲ್ಲ, ಬೆಳಕು ಮತ್ತು ಕಣ್ಣು ಸಾಕಾಯಿತು.

ತೀರ್ಪು ಬರೆಯುವವರು

ಸ್ಕ್ಯಾನಿನಲ್ಲಿ ಗಡ್ಡೆಯ ಅಂಚು ನಯವಾಗಿದೆಯೇ, ಮುಳ್ಳುಮುಳ್ಳಾಗಿದೆಯೇ ಎಂದು ನೋಡಿ ಅಂದಾಜು ಹೇಳಬಹುದು. ಹೆಚ್ಚಿನ ಗಡ್ಡೆಗಳಲ್ಲಿ ಖಚಿತ ತೀರ್ಪು ಮಾತ್ರ ರೋಗಿ ಎಂದೂ ಮುಖ ನೋಡದ ಪೆಥಾಲಜಿಸ್ಟರದು. ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ನೀಲಿ–ಗುಲಾಬಿ ಬಣ್ಣ ಹಾಕಿ ಅವರು ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಸಾದಾ ಗಡ್ಡೆಯ ಕೋಶಗಳು ತಾವು ಹುಟ್ಟಿದ ಅಂಗಾಂಶವನ್ನೇ ಹೋಲುತ್ತವೆ. ಲೈಪೋಮಾದ ಕೋಶಕ್ಕೂ ಮಾಮೂಲು ಕೊಬ್ಬಿನ ಕೋಶಕ್ಕೂ ವ್ಯತ್ಯಾಸ ಹುಡುಕುವುದೇ ಕಷ್ಟ. ಕ್ಯಾನ್ಸರಿನಲ್ಲಿ ಕೋಶಕೇಂದ್ರ ದೊಡ್ಡದಾಗಿ ಕಪ್ಪಗಾಗಿರುತ್ತದೆ, ಒಂದರ ಗಾತ್ರ ಇನ್ನೊಂದಕ್ಕಿಲ್ಲ, ವಿಭಜನೆಯ ನಡುವೆ ಸಿಕ್ಕಿಬಿದ್ದ ಕೋಶಗಳು ಹೆಚ್ಚು, ಕೆಲವು ವಿಭಜನೆ ವಿಕಾರವಾದದ್ದು. ಎಲ್ಲಕ್ಕಿಂತ ಮಿಗಿಲಾಗಿ ಅವರು ಹುಡುಕುವುದು ಎಲ್ಲೆ ಮೀರಿದ ಗುರುತನ್ನು.

ಇಲ್ಲಿ ಒಂದು ಹಳೆಯ ಭಯ ಅಡ್ಡ ಬರುತ್ತದೆ: ಸೂಜಿ ಚುಚ್ಚಿದರೆ, ಚಾಕು ತಾಗಿದರೆ ಹರಡುತ್ತದೆ ಎಂಬುದು. ಸೂಜಿಯ ಹಾದಿಯಲ್ಲಿ ಕೋಶಗಳು ಬೀಳುವ ಸಾಧ್ಯತೆ ತೀರಾ ಕಡಿಮೆ. ಆ ಅಪಾಯ ಲೆಕ್ಕಕ್ಕೆ ಬರುವ ಜಾಗಗಳು ವೈದ್ಯರಿಗೆ ಗೊತ್ತಿವೆ. ವೃಷಣದ ಗಡ್ಡೆಗೆ ಸೂಜಿ ಹಾಕದೆ ತೊಡೆಸಂದಿಯ ಮೂಲಕ ಇಡೀ ವೃಷಣವನ್ನೇ ತೆಗೆದು ಪರೀಕ್ಷಿಸುವುದು ಅದಕ್ಕೇ. ‘ಬಯಾಪ್ಸಿ ಮಾಡಿಸಿದ ಮೇಲೆ ಜೋರಾಯಿತು’ ಎನ್ನುವ ಹೆಚ್ಚಿನ ಪ್ರಕರಣಗಳಲ್ಲಿ ಗಡ್ಡೆ ಅದಕ್ಕೆ ಮೊದಲೇ ಜೋರಾಗಿದ್ದಿರುತ್ತದೆ. ಅದಕ್ಕೇ ಬಯಾಪ್ಸಿ ಮಾಡಿಸಿದ್ದು.

ಯಾವಾಗ ತೋರಿಸಬೇಕು, ಏನು ಕೇಳಬೇಕು

ಗಟ್ಟಿಯಾಗಿ ಒಂದೇ ಕಡೆ ಕಚ್ಚಿಕೊಂಡಿರುವ ಗಂಟು, ತಿಂಗಳುಗಳಲ್ಲಿ ಬೆಳೆಯುತ್ತಿರುವ ಗಂಟು, ಮೂರು ವಾರವಾದರೂ ಮಾಗದ ಬಾಯಿಹುಣ್ಣು, ಸ್ತನದಲ್ಲಿ ಹೊಸದಾಗಿ ಸಿಕ್ಕ ಯಾವುದೇ ಗಂಟು, ಮೊಲೆತೊಟ್ಟಿನಿಂದ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮಲದಲ್ಲಿ ರಕ್ತ, ಬಣ್ಣ–ಆಕಾರ ಬದಲಿಸುತ್ತಿರುವ ಮಚ್ಚೆ. ಇವುಗಳಲ್ಲಿ ಹೆಚ್ಚಿನವು ಪರೀಕ್ಷೆಯ ಬಳಿಕ ಕ್ಯಾನ್ಸರ್ ಅಲ್ಲವೆಂದೇ ತಿಳಿಯುತ್ತವೆ. ಆದರೆ ನೋವಿಲ್ಲ ಎಂಬ ಕಾರಣಕ್ಕೆ ಬಿಡುವಂಥವಲ್ಲ. ಆರಂಭದ ಕ್ಯಾನ್ಸರ್ ಹೆಚ್ಚಾಗಿ ನೋಯುವುದಿಲ್ಲ.

ವರದಿ ಕೈಗೆ ಬಂದಾಗ ‘ಕ್ಯಾನ್ಸರ್ ಹೌದೋ ಅಲ್ಲವೋ’ ಎಂದಷ್ಟೇ ಕೇಳಿ ಎದ್ದು ಬರಬೇಡಿ. ಯಾವ ಬಗೆಯ ಕೋಶದ ಗಡ್ಡೆ? ಕೋಶಗಳು ಎಷ್ಟು ಕೆಟ್ಟಿವೆ, ಅಂದರೆ ಗ್ರೇಡ್ ಎಷ್ಟು? ತೆಗೆದ ತುಂಡಿನ ಅಂಚಿನಲ್ಲಿ ಗಡ್ಡೆಯ ಕೋಶ ಉಳಿದಿದೆಯೇ? ದುಗ್ಧಗ್ರಂಥಿಗಳಿಗೆ ಹೋಗಿದೆಯೇ? ಗ್ರೇಡ್ ಬೇರೆ, ಸ್ಟೇಜ್ ಬೇರೆ ಎನ್ನುವುದೂ ನೆನಪಿರಲಿ: ಗ್ರೇಡ್ ಕೋಶದ ಗುಣ, ಸ್ಟೇಜ್ ರೋಗ ಎಷ್ಟು ದೂರ ಹೋಗಿದೆ ಎಂಬ ಅಳತೆ. ಸಾದಾ ಗಡ್ಡೆ ಎಂದು ಬಂದರೆ ಇನ್ನೊಂದು ಪ್ರಶ್ನೆ ಕೇಳಿ: ಇದನ್ನು ತೆಗೆಯಬೇಕೇ, ಕೆಲವು ತಿಂಗಳಿಗೊಮ್ಮೆ ನೋಡುತ್ತಿರಬೇಕೇ, ಅಥವಾ ಮರೆತುಬಿಡಬಹುದೇ?

ಅನುಮಾನ ಉಳಿದರೆ ಇನ್ನೊಮ್ಮೆ ಚುಚ್ಚಿಸಿಕೊಳ್ಳಲೇಬೇಕೆಂದಿಲ್ಲ. ಗಡ್ಡೆಯ ಚೂರು ಹುದುಗಿರುವ ಆ ಮೇಣದ ಬ್ಲಾಕನ್ನೂ ಗಾಜಿನ ಸ್ಲೈಡುಗಳನ್ನೂ ಪ್ರಯೋಗಾಲಯಗಳು ವರ್ಷಗಟ್ಟಲೆ ಕಾಪಿಡುತ್ತವೆ. ಅವನ್ನು ಕೇಳಿ ಪಡೆದು ಇನ್ನೊಬ್ಬ ಪೆಥಾಲಜಿಸ್ಟರಿಗೆ ತೋರಿಸಬಹುದು. ವೈದ್ಯರ ಮೇಲೆ ಅಪನಂಬಿಕೆಯಿಂದ ಮಾಡುವ ಕೆಲಸವಲ್ಲ ಇದು. ಗೆರೆ ತೆಳುವಾಗಿರುವ ಕಡೆಗಳಲ್ಲಿ ಪೆಥಾಲಜಿಸ್ಟರೇ ಒಬ್ಬರಿಂದೊಬ್ಬರು ಅಭಿಪ್ರಾಯ ಕೇಳುತ್ತಾರೆ. ರೋಗಿಯ ಕಡೆಯವರೂ ಕೇಳಬಹುದು.